ಸ್ಯಾರಿ ಗಾರ್ಡ್ ಇಲ್ಲದ ಗಾಡಿ

ಹೋದ ತಿಂಗಳು ನಮ್ಮನೆಗೆ ಮೂರು ಜನ ಹುಡುಗರು ಬಂದಿದ್ರು. ಮೋಟಾರ್ ಸೈಕಲ್ ಓಡಿಸೋರದ್ದೊಂದು ಸಂಘ ಮಾಡ್ಕೊಂಡಿದ್ದಾರಂತೆ. ದಾವಣಗೆರೆ ಬಿಸಿಲಾಗೆ ಮೈಮೇಲೆ ಕರೀ ಜಾಕೆಟ್ಟು ಬೇರೆ. ಕೂತು ನೀರು ಕುಡಿದು, "ಆಂಟಿ, ನಿಮ್ಮ ಭಾವನೋರ ಫೋಟೋ ಇದ್ರೆ ಕೊಡ್ರಿ. ಈ ಊರಿಗೆ ಮೊದಲು ಕ್ರೂಸರ್ ಬೈಕ್ ತಂದೋರು ಅವರೇ ಅಂತೆ. ಅವರ ಬಗ್ಗೆ ನಾಕು ಮಾತು ಹೇಳ್ರಿ, ಬರ್ಕೊಂತೀವಿ" ಅಂದ್ರು. ಭಾವ ತೀರಿಕೊಂಡು ಆಗಿನ್ನೂ ಬಹಳ ದಿನ ಆಗಿರಲಿಲ್ಲ. ಪಾಪ, ಹುಡುಗರು ಭಕ್ತಿಯಿಂದ ಬಂದಿದ್ರು. ಗಾಡಿ ಬಗ್ಗೆ ಎಷ್ಟು ಬೇಕೋ ಅಷ್ಟು ಹೇಳಿ ಕಳಿಸಿದೆ. ಮನುಷ್ಯನ ಬಗ್ಗೆ ಹೇಳೋದು ಹಂಗೇ ಗಂಟಲಾಗೆ ಉಳೀತು. ಅದನ್ನ ಇಲ್ಲಿ ಬರೀತೀನಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಅವರು ನನ್ನ ಗಂಡನ ಅಣ್ಣ. ನಮ್ಮ ಕಡೆ ಭಾವನ್ನ ಏಕವಚನದಾಗೆ ಮಾತಾಡಂಗಿಲ್ಲ. ಆ ಅಭ್ಯಾಸ ನನ್ನ ನಾಲಿಗೆ ಬಿಟ್ಟು ಹೋಗಿಲ್ಲ. ಹಂಗಾಗಿ ಬೈಯೋದನ್ನೂ ಬಹುವಚನದಾಗೇ ಬೈತೀನಿ.

ನಾನು ಆ ಮನೆಗೆ ಸೊಸೆಯಾಗಿ ಬರೋ ಹೊತ್ತಿಗೆ ಅತ್ತೆ ಮಾವ ಇಬ್ರೂ ತೀರಿಕೊಂಡಿದ್ರು. ಭಾವ, ಅವರ ಹೆಂಡತಿ, ನನ್ನ ಗಂಡ, ನಾನು, ಇಷ್ಟೇ ಜನ. ಮಾರ್ಕೆಟ್ ಯಾರ್ಡಿನಾಗೆ ಭತ್ತ, ಮೆಕ್ಕೆಜೋಳದ ದಲಾಲಿ ಅಂಗಡಿ. ಭಾವನ ಹೆಂಡತಿ ನನಗೆ ನೆಗೆಣ್ಣಿ ಆಗಬೇಕು, ಆದ್ರೆ ಮೊದಲ ದಿನದಿಂದ್ಲೂ ಅಕ್ಕ ಅಂತಾನೇ ಕರೆದೆ. ಆಕಿ ನನ್ನ ತಂಗಿ ಅಂದ್ಲು. ಭಾನುವಳ್ಳಿ ಹೆಣ್ಣುಮಗಳು. ಮಾತು ಕಡಿಮೆ. ಯಾರಾದ್ರೂ ಏನಾದ್ರೂ ಅಂದ್ರೆ ಸೆರಗಿನ ತುದಿ ಬೆರಳಿಗೆ ಸುತ್ಕೊಂತಾ ನಿಲ್ಲೋದು ಆಕಿ ಚಾಳಿ.

ನಾನು ಬಂದ ವರ್ಷನೇ ಆ ಗಾಡಿನೂ ಬಂತು. ಬೊಂಬಾಯಿಂದ ಲಾರಿಯಾಗೆ, ಮೈತುಂಬ ಗೋಣಿಚೀಲ ಸುತ್ಕೊಂಡು. ಹೊರದೇಶದಾಗಿದ್ದ ಯಾರೋ ತಂದು ಮಾರಿದ್ದಂತೆ. ಐನೂರು ಸಿಸಿ, ಎರಡು ಸಿಲಿಂಡರು, ಎಡಕ್ಕೊಂದು ಬಲಕ್ಕೊಂದು ಹೊಗೆ ಪೈಪು. ಕಿಕ್ಕರ್ ಇಲ್ಲ, ಗುಂಡಿ ಒತ್ತಿದ್ರೆ ಚಾಲೂ. ಇಂಜಿನ್ ಮುಂದೆ ಕಾರಿಗಿದ್ದಂಗೆ ರೇಡಿಯೇಟರು. ಸೀಟು ಮೊಣಕಾಲಿಗಿಂತ ಸ್ವಲ್ಪ ಮೇಲೆ ಅಷ್ಟೆ. ಕೂತೋರು ಕಾಲು ಮುಂದಕ್ಕೆ ಚಾಚಿ, ಎದೆ ಹಿಂದಕ್ಕೆ ಹಾಕಿ, ಪಡಸಾಲೆಯಾಗೆ ಆರಾಮ ಖುರ್ಚಿ ಮೇಲೆ ಕೂತಂಗೆ ಕೂಡಬೇಕು. ಎಲ್ಲಕ್ಕಿಂತ ದೊಡ್ಡ ಸುದ್ದಿ ಅಂದ್ರೆ ಚೈನಿನ ಬದಲು ಬೆಲ್ಟು. ನಮ್ಮದು ಗಿರಣಿ ಊರು, ಬೆಲ್ಟು ಅಂದ್ರೆ ಎಲ್ಲರಿಗೂ ಗೊತ್ತು. ಅಂಗಡಿ ಮುಂದೆ ಹಮಾಲರು ನೋಡಿ, "ಸಾವ್ಕಾರ್ರು ಗಾಡಿಗೆ ಗಿರಣಿ ಬೆಲ್ಟ್ ಹಾಕ್ಸ್ಯಾರೆ ನೋಡ್ರಲೇ" ಅಂತ ನಕ್ಕರು. ಭಾವನೂ ನಕ್ಕರು. ಹಂಗಂದ ಹಮಾಲನಿಗೆ ಮಾತ್ರ ಮರುದಿನದಿಂದ ನಮ್ಮ ಅಂಗಡಿಯಾಗೆ ಕೆಲಸ ಇರಲಿಲ್ಲ.

ಅವರು ಕೋಪ ಮಾಡ್ಕೊಂಡಿದ್ದನ್ನ ನಾನು ನೋಡೇ ಇಲ್ಲ. ದನಿ ಎತ್ತುತಿರಲಿಲ್ಲ, ಕೈ ಎತ್ತುತಿರಲಿಲ್ಲ. ನಗು ಬರಂಗೆ ಮಾತಾಡ್ತಿದ್ರು. ಆ ನಗು ಯಾರ ಮೇಲೆ ಬಿತ್ತು ಅನ್ನೋದು ನಕ್ಕು ಮುಗಿದ ಮೇಲೆ ಗೊತ್ತಾಗ್ತಿತ್ತು.

ಬೆಳಿಗ್ಗೆ ಎದ್ದು ಮೊದಲು ಗಾಡಿ ಹತ್ರ ಹೋಗ್ತಿದ್ರು. ಅತ್ತೆಯ ಹಳೇ ಇಳಕಲ್ ಸೀರೆ ಹರಿದು ಬಟ್ಟೆ ಮಾಡ್ಕೊಂಡಿದ್ರು, ಅದರಾಗೆ ಒಂದೊಂದೇ ಭಾಗ ಒರೆಸೋದು. ಚಾಲೂ ಮಾಡಿದ ತಕ್ಷಣ ಹೊರಡ್ತಿರಲಿಲ್ಲ. ಇಂಜಿನ್ ಬೆಚ್ಚಗಾಗೋ ತನಕ ಪಕ್ಕದಾಗೆ ನಿಂತು ಕಾಯ್ತಿದ್ರು. "ಎದ್ದ ಕೂಡ್ಲೇ ಓಡು ಅಂದ್ರೆ ಹೆಂಗೆ? ಅದಕ್ಕೂ ಒಂದು ಜೀವ ಐತೆ" ಅಂತಿದ್ರು. ಅದೇ ಹೊತ್ತಿಗೆ ಒಳಗಿಂದ ಅಕ್ಕ ಚಾ ತರೋದು ಚೂರು ತಡ ಆದ್ರೆ, "ಎಂಬತ್ತೆಂಟರ ಮಾಡೆಲ್ಲು, ಚಾಲೂ ಆಗೋದು ನಿಧಾನ" ಅಂತ ಬೀದಿಗೆ ಕೇಳಂಗೆ ಹೇಳ್ತಿದ್ರು.

ಈ ಮಾಡೆಲ್ ಅನ್ನೋ ಮಾತು ಹೆಂಗೆ ಬಂತು ಅಂದ್ರೆ, ಆ ಗಾಡಿ ಕಂಪನಿಯೋರು ವರ್ಷಾ ವರ್ಷಾ ಏನಾದ್ರೂ ಬದಲು ಮಾಡ್ತಿದ್ರು. ಅದರ ಚಿತ್ರದ ಪುಸ್ತಕನ ಭಾವ ಬೊಂಬಾಯಿಂದ ತರಿಸಿ, ಊಟಕ್ಕೆ ಕೂತಾಗ ನಮಗೆಲ್ಲ ಓದಿ ಹೇಳ್ತಿದ್ರು. ಈ ಸಲ ಹ್ಯಾಂಡಲ್ ಅಗಲ ಆಗೈತೆ. ಈ ಸಲ ಟ್ಯಾಂಕು ಉದ್ದ ಮಾಡ್ಯಾರೆ. ಒಂದು ಸಲ ಮುಖ ಸಣ್ಣ ಮಾಡ್ಕೊಂಡು, "ಬೆಲ್ಟ್ ತೆಗೆದು ಚೈನ್ ಹಾಕಿಬಿಟ್ಟಾರೆ, ಕೆಡಿಸಿದ್ರು" ಅಂದ್ರು. ಅವತ್ತು ಸರಿಯಾಗಿ ಊಟನೂ ಮಾಡಲಿಲ್ಲ. ಹಂಗೇ ಓದ್ತಾ ಓದ್ತಾ ಮನೆ ಹೆಂಗಸರಿಗೂ ಮಾಡೆಲ್ ಇಟ್ಟರು, ಮದುವೆ ಆದ ವರ್ಷದ ಮೇಲೆ. ನಾನು ತೊಂಬತ್ತಾರರ ಮಾಡೆಲ್, ಅಕ್ಕ ಎಂಬತ್ತೆಂಟರದ್ದು. ಅಂಗಡಿ ಗೆಳೆಯರು ಊಟಕ್ಕೆ ಬಂದಾಗ ಅಕ್ಕ ರೊಟ್ಟಿ ಬಡಿಸ್ತಿದ್ರೆ, "ಇದರಾಗೆ ಒಂದೇ ಫೀಚರ್ರು ನೋಡ್ರಿ, ಅಡಿಗೆ. ಬೇರೆ ಯಾವುದೂ ಕೊಟ್ಟಿಲ್ಲ ಕಂಪನಿಯೋರು" ಅಂತಿದ್ರು. ಅಕ್ಕನಿಗೆ ಮಕ್ಕಳಾಗಿರಲಿಲ್ಲ. ಅದು ಗೊತ್ತಿದ್ದೇ ಗೆಳೆಯರು ನಗೋರು.

ಮರುವರ್ಷ ನನಗೆ ಮಗಳು ಹುಟ್ಟಿದ್ಲು. ಮಗು ಅಕ್ಕನ ತೊಡೆ ಮೇಲೇ ಬೆಳೀತು. ಒಂದು ದಿನ ಅಕ್ಕ ಕಾಲು ಚಾಚಿ ಮಗುವಿಗೆ ಎಣ್ಣೆ ತಿಕ್ತಾ ಕೂತಿದ್ದಾಗ ಭಾವ ಬಾಗಿಲಾಗೆ ನಿಂತು ನನ್ನ ಕಡೆ ನೋಡಿ, "ತೊಂಬತ್ತಾರರ ಮಾಡೆಲ್ ಪರವಾಗಿಲ್ಲ" ಅಂದ್ರು. ಅಕ್ಕ ಎಣ್ಣೆ ತಿಕ್ಕೋದು ನಿಲ್ಲಿಸಲಿಲ್ಲ. ನನಗೆ ಮಾತ್ರ ಆ ಎಣ್ಣೆ ಬಟ್ಟಲು ತಗೊಂಡು ಅವರ ಮುಖಕ್ಕೆ ಎಸೆಯಂಗಾಗಿತ್ತು.

ಆ ಗಾಡಿಯಾಗೆ ಒಂದು ವ್ಯವಸ್ಥೆ ಇತ್ತು. ಪಕ್ಕದ ಸ್ಟ್ಯಾಂಡು ಎತ್ತದೆ ಗೇರ್ ಹಾಕಿದ್ರೆ ಇಂಜಿನ್ ತಾನಾಗೇ ನಿಂತುಬಿಡ್ತಿತ್ತು. ಬೀಳಬಾರದು ಅಂತ ಕಂಪನಿಯೋರು ಮಾಡಿದ್ದು. ಆಗಿನ ನಮ್ಮ ಗಾಡಿಗಳಿಗೆ ಅದು ಇರಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ. ಭಾವನಿಗೆ ಅದೊಂದು ಆಟದ ಸಾಮಾನು ಸಿಕ್ಕಂಗಾತು. "ಓಡಿಸ್ರಿ, ನೋಡನ" ಅಂತ ಕೀ ಕೊಡೋದು, ಪಾಪದೋರು ಹತ್ತಿ ಗೇರ್ ಹಾಕೋದು, ಗಾಡಿ ಗಪ್ ಅನ್ನೋದು. ಮತ್ತೆ ಚಾಲೂ, ಮತ್ತೆ ಗಪ್. ಸ್ಟ್ಯಾಂಡ್ ವಿಷಯ ಇವರು ಹೇಳ್ತಿರಲಿಲ್ಲ. ನಮ್ಮ ಬೀದಿಯಾಗೆ ಎಷ್ಟೋ ಜನ ಹಂಗೆ ಬೆವತು ಇಳಿದು ಹೋಗಿದ್ದಾರೆ.

ಒಂದ್ಸಲ ಅಕ್ಕನ ಅಪ್ಪ ಬಂದಿದ್ರು. ಗದ್ದೆ ಕೆಲಸದ ಮನುಷ್ಯ, ಬಿಳೀ ಟೋಪಿ ಹಾಕ್ಕೊಂಡು, ಚೀಲದ ತುಂಬ ಮನೆ ಅಕ್ಕಿ ಹೊತ್ಕೊಂಡು ಬಂದಿದ್ರು. ಹಳೇ ಮೋಟಾರ್ ಸೈಕಲ್ಲಿನಾಗೆ ಕಾಲುವೆ ದಂಡೆ ಮೇಲೆ ಓಡಾಡೋ ಅಭ್ಯಾಸ ಇದ್ದೋರು. ಅಳಿಯ ಕೀ ಕೊಟ್ಟಾಗ ಮುಖ ಅರಳಿತು. ಹತ್ತಿದ್ರು, ಗಾಡಿ ಗಪ್ ಅಂತು. ಇನ್ನೊಂದ್ಸಲ ಮಾಡಿದ್ರು, ಮತ್ತೂ ಅದೇ. ಬೀದಿ ಮಂದಿ ಸೇರಿದ್ರು. ಆಗ ಭಾವ ಮೆಲ್ಲಗೆ ಅಂದ್ರು, "ಇರ್ಲಿ ಬಿಡ್ರಿ ಮಾವ. ನಿಮ್ಮ ಮನೆತನದ ಸಾಮಾನು ಎಲ್ಲಾ ಹಿಂಗೇ. ಚಾಲೂ ಆಗ್ತತಿ, ಮುಂದಕ್ಕೆ ಹೋಗಲ್ಲ."

ಮುದುಕರಿಗೆ ಅರ್ಥ ಆತು. ಟೋಪಿ ಸರಿಮಾಡ್ಕೊಂಡು ಇಳಿದ್ರು. ಚಾ ಕುಡೀದೆ ಬಸ್ ಸ್ಟ್ಯಾಂಡಿಗೆ ನಡಕೊಂಡು ಹೋದ್ರು. ಆಮೇಲೆ ಆ ಮನೆ ಹೊಸ್ತಿಲು ತುಳೀಲಿಲ್ಲ.

ಇನ್ನ ಸ್ಯಾರಿ ಗಾರ್ಡ್ ವಿಷಯ. ನಮ್ಮ ದೇಶದ ಗಾಡಿಗಳಿಗೆ ಹಿಂದಿನ ಚಕ್ರದ ಎಡಕ್ಕೆ ಒಂದು ಕಬ್ಬಿಣದ ಜಾಲರಿ ಇರ್ತತಿ, ಕೆಳಗೆ ಕಾಲಿಡೋಕೆ ಒಂದು ಪಟ್ಟಿ. ಸೀರೆ ಉಟ್ಟೋರು ಒಂದೇ ಕಡೆ ಕಾಲು ಹಾಕಿ ಕೂತ್ರೆ ಸೀರೆ ಚಕ್ರಕ್ಕೆ ಸಿಗಬಾರದು ಅಂತ. ಹೊರದೇಶದ ಗಾಡಿಗೆ ಅದೆಲ್ಲಿಂದ ಬರಬೇಕು? ಅಲ್ಲಿ ಸೀರೆ ಉಟ್ಟೋರು ಯಾರು? ಎಡಗಡೆ ಬರೀ ಬೆಲ್ಟು, ಬಿಸಿ ಪೈಪು. ಅಕ್ಕ ಹಿಂದೆ ಕೂತಾಗ ಕಾಲು ಆಸರೆ ಇಲ್ಲದೆ ಹಂಗೇ ತೇಲಾಡೋವು. ನಿರಿಗೆ ಮಂಡಿಗಳ ನಡುವೆ ಬಿಗಿದು, ಸೆರಗು ಹಲ್ಲಾಗೆ ಕಚ್ಚಿ ಕೂಡೋಳು. ಕೈ ಭಾವನ ಹೆಗಲ ಮೇಲೆ ಇಡಂಗಿಲ್ಲ, ಅಂಗಿ ಇಸ್ತ್ರಿ ಕೆಡ್ತತಿ.

"ರೀ, ಒಂದು ಸ್ಯಾರಿ ಗಾರ್ಡ್ ಹಾಕಿಸ್ರಿ, ಹೆದ್ರಿಕೆ ಆಗ್ತತಿ" ಅಂತ ಅಕ್ಕ ಕೇಳಿದ್ದನ್ನ ನಾನೇ ಕೇಳಿದ್ದೀನಿ.

"ಈ ಗಾಡಿಗೆ ಜಾಲರಿ ಹಾಕಿಸಿದ್ರೆ ಕೋಳಿ ಗೂಡು ಆಗ್ತತಿ" ಅಂದ್ರು.

"ಹಂಗಾದ್ರೆ ನಾನು ಬಸ್ಸಿಗೆ ಹೋಗ್ತೀನಿ."

"ನನ್ನ ಹೆಂಡತಿ ಬಸ್ಸಿಳಿದು ಬಂದ್ಲು ಅಂತ ಭಾನುವಳ್ಳಿಯೋರು ಆಡ್ಕೊಳ್ಳೋದು ಬ್ಯಾಡ. ಹೋದ್ರೆ ಗಾಡಿ ಮೇಲೆ, ಇಲ್ಲಾಂದ್ರೆ ಮನೆಯಾಗಿರು."

ಪಂಚಮಿ ಹಬ್ಬಕ್ಕೆ ತವರಿಗೆ ಹೋಗಬೇಕಲ್ಲ, ಅಕ್ಕ ಹಂಗೇ ಹೋಗಿಬಂದ್ಲು. ವಾಪಸ್ ಬರುವಾಗ ಹರಿಹರ ದಾಟಿದ ಮೇಲೆ ರಸ್ತೆ ಗುಂಡಿ ಬಂದು ಗಾಡಿ ಎಗರಿತಂತೆ, ಎಡಗಾಲಿನ ಮೀನಖಂಡ ಪೈಪಿಗೆ ಅಂಟಿಕೊಂತು. ಮನೆ ಮುಂದೆ ಗಾಡಿ ನಿಂತಾಗ ನಾನೇ ಬಾಗಿಲು ತೆಗೆದಿದ್ದು. ಅಕ್ಕ ಇಳಿದು ಒಂದೇ ಕಾಲ ಮೇಲೆ ನಿಂತಿದ್ಲು, ಮುಖ ಬೆಳ್ಳಗೆ ಆಗಿತ್ತು. ಸೀರೆಯ ನೈಲಾನ್ ಅಂಚು ಕರಗಿ ಪೈಪಿಗೆ ಮೆತ್ಕೊಂಡಿತ್ತು. ಭಾವ ಒಳಗೆ ಓಡಿದ್ರು. ಬರ್ನಾಲ್ ತರೋಕೆ ಅಂದ್ಕೊಂಡೆ. ಆ ಇಳಕಲ್ ಬಟ್ಟೆ, ಒಂದು ಬಟ್ಟಲು ಸೀಮೆಎಣ್ಣೆ ತಂದ್ರು. ಕುಕ್ಕರಗಾಲಾಗೆ ಕೂತು ಪೈಪು ತಿಕ್ಕೋಕೆ ಶುರು ಮಾಡಿದ್ರು. "ಕಲೆ ಕೂತ್ರೆ ಹೋಗಲ್ಲ" ಅಂತ ನನಗೆ ಹೇಳಿದ್ರು. ಅಕ್ಕನ್ನ ನಾನೇ ಹೆಗಲು ಕೊಟ್ಟು ಒಳಗೆ ಕರಕೊಂಡು ಹೋದೆ. ಗಾಯ ಮಾಯೋಕೆ ಬಹಳ ದಿನ ಹಿಡೀತು, ಕಲೆ ಅಂಗೈಯಷ್ಟು ಉಳೀತು.

ಹಿಂಗೇ ಎರಡು ಮೂರು ವರ್ಷ ಹೋಯ್ತು. ಒಂದು ಮಧ್ಯಾಹ್ನ ಭಾವ ಹರಿಹರದಿಂದ ಬಂದು ಗಾಡಿ ನಿಲ್ಲಿಸಿ ಒಳಗೆ ಹೋದ್ರು. ನಾನು ಅಂಗಳದಾಗೆ ಮೆಣಸಿನಕಾಯಿ ಒಣಗ್ಸ್ತಿದ್ದೆ. ನೋಡಿದ್ರೆ ಗಾಡಿ ಎಡಕ್ಕೆ ಹೊಸಾ ಜಾಲರಿ, ಪಳಪಳ ಅಂತ ಪಾಲಿಶ್ ಮಾಡಿದ್ದು, ಕೆಳಗೆ ಕಾಲಿಡೋಕೆ ರಬ್ಬರ್ ಪಟ್ಟಿ ಬೇರೆ. ಹರಿಹರದಾಗೆ ವೆಲ್ಡಿಂಗ್ ಮಾಡಿಸಿದ್ರು. ನನಗೆ ಕುಣಿಯಂಗಾತು. ಅಡಿಗೆ ಮನೆಗೆ ಓಡಿ, "ಅಕ್ಕಾ, ಬಾ ಇಲ್ಲಿ, ದೇವರು ಕಣ್ಣು ಬಿಟ್ಟ" ಅಂತ ಕೈ ಹಿಡಿದು ಎಳಕೊಂಡು ಬಂದೆ.

ಅಕ್ಕ ಬಗ್ಗಿ ನೋಡಿದ್ಲು. ಜಾಲರಿ ಮೇಲೆ ಬೆರಳು ಆಡಿಸಿದ್ಲು. "ಇದು ನನಗಲ್ಲ ತಂಗಿ" ಅಂದ್ಲು.

"ಯಾಕ ಹಂಗಂತೀಯ ಅಕ್ಕಾ? ಮತ್ತೆ ಯಾರಿಗೆ?"

"ನನಗಾಗಿದ್ರೆ ಸುಮ್ಮನೆ ಹಾಕಿಸ್ತಿರಲಿಲ್ಲ. ಈಕಿ ಸಲುವಾಗಿ ಗಾಡಿ ಕೆಡಿಸ್ಕೊಂಡೆ ಅಂತ ಹತ್ತು ಜನಕ್ಕೆ ಹೇಳಿ ಹಾಕಿಸ್ತಿದ್ರು."

ಹನ್ನೊಂದು ವರ್ಷ ಜೊತೆಗೆ ಬಾಳಿದಾಕಿ, ಆಕಿ ಲೆಕ್ಕ ತಪ್ಪಲಿಲ್ಲ. ಆ ವಾರನೇ ನನ್ನ ಗಂಡನ ಬಾಯಿಂದ ಹೊರಗೆ ಬಂತು. ಕಡರನಾಯಕನಹಳ್ಳಿಯಾಗೆ ಒಂದು ಹೆಣ್ಣು ನೋಡಿದ್ದಾರೆ. ತಾಯಿ ಇಲ್ಲದ ಹುಡುಗಿ, ವಯಸ್ಸು ಸ್ವಲ್ಪ ಏರೈತೆ, ಎರಡನೇ ಸಂಬಂಧಕ್ಕೂ ಕೊಡ್ತಾರಂತೆ. ಹುಡುಗಿ ಅಪ್ಪ ಗಾಡಿ ನೋಡಿ, "ನಮ್ಮ ಹುಡುಗಿ ಸೀರೆ ಉಟ್ಕೊಂಡು ಇದರ ಮೇಲೆ ಹೆಂಗೆ ಕೂಡ್ತಾಳ್ರಿ?" ಅಂದನಂತೆ. ಅಷ್ಟಕ್ಕೇ ಜಾಲರಿ ಬಂದಿದ್ದು.

ಕಾನೂನಿಗೆ ಅದು ತಪ್ಪು ಅಂತ ಎಲ್ಲರಿಗೂ ಗೊತ್ತಿತ್ತು. ಆದ್ರೆ ಮೊದಲನೇಕಿ ಒಪ್ಪಿ, ತಾನೇ ಹೋಗಿ ಹೊಸ ಹೆಣ್ಣಿನ ಮಡಿಲಿಗೆ ಕಾಯಿ ಅಕ್ಕಿ ಹಾಕಿ ಉಡಿ ತುಂಬಿಬಿಟ್ರೆ ಊರಾಗೆ ಯಾರೂ ಕೇಳ್ತಿರಲಿಲ್ಲ. "ನೀನು ಬಂದು ಉಡಿ ತುಂಬು. ನಿನ್ನೇನು ಮನೆ ಬಿಡ್ಸಲ್ಲ, ಹಿಂದಿನ ಕೋಣೆ ನಿನಗೇ ಇರ್ಲಿ" ಅಂತ ಭಾವ ಹೇಳಿದ್ರು. ಹಿಂದಿನ ಕೋಣೆ ಅಂದ್ರೆ ಖಾಲಿ ಚೀಲ ಇಡೋ ಕೋಣೆ. ಇಲಿ ಓಡಾಡೋ ಜಾಗ. ಅಕ್ಕನ ಅಪ್ಪ ಆ ಹೊತ್ತಿಗೆ ತೀರಿಕೊಂಡಿದ್ರು. ತವರಿಗೆ ಹೋದ್ರೆ ತಮ್ಮನ ಹೆಂಡತಿ ಕೈ ನೋಡ್ಕೊಂಡಿರಬೇಕು. ನಾನೇ ಅತ್ತುಬಿಟ್ಟೆ, ಜಗಳ ಮಾಡು ಅಂದೆ. ಅಕ್ಕ ಅಳಲಿಲ್ಲ. "ನನಗೆ ಈ ಮನೆ ಬಿಟ್ರೆ ಬೇರೆ ಜಾಗ ಇಲ್ಲ ತಂಗಿ" ಅಂದ್ಲು, ಅಷ್ಟೆ. ತೆಂಗಿನಕಾಯಿ, ಅಕ್ಕಿ, ಅರಿಷಿಣ ಕೊಂಬು, ಜಂಪರ್ ಪೀಸು ಚೀಲಕ್ಕೆ ತುಂಬ್ಕೊಂಡ್ಲು.

ನಾನೂ ನನ್ನ ಗಂಡನೂ ಸ್ಕೂಟರಿನಾಗೆ ಹಿಂದೆ ಹೋದ್ವಿ. ಮುಂದೆ ಅವರ ಗಾಡಿ. ಆ ಹೊಸಾ ಪಟ್ಟಿ ಮೇಲೆ ಮೊದಲು ಕಾಲಿಟ್ಟಾಕಿ ನಮ್ಮಕ್ಕನೇ. ಹರಿಹರ ದಾಟೋವಾಗ ನೋಡಿದೆ, ಸೆರಗು ಹಲ್ಲಾಗೆ ಕಚ್ಚಿರಲಿಲ್ಲ. ಮೊದಲನೇ ಸಲ ಸಲೀಸಾಗಿ ಕೂತಿದ್ಲು, ಅದೂ ಸವತಿಗೆ ಉಡಿ ತುಂಬೋಕೆ ಹೋಗೋವಾಗ.

ಗಂಡಸರು ಪಡಸಾಲೆಯಾಗೆ ಕೂತ್ರು. ನಾವು ಹೆಂಗಸರು ಒಳಗೆ. ಹುಡುಗಿ, ಆಕಿ ಅಜ್ಜಿ, ಅಕ್ಕ, ನಾನು. ಹುಡುಗಿ ಒಳ್ಳೇಕಿ ಥರ ಕಂಡ್ಲು, ತಲೆ ಎತ್ತಲಿಲ್ಲ. ಅಜ್ಜಿ ಎಲೆಅಡಿಕೆ ಕುಟ್ತಾ ಅಕ್ಕನ್ನೇ ನೋಡ್ತಿದ್ಲು. "ನಿನಗೆ ಮನಸೈತೇನವ್ವಾ?" ಅಂತ ಕೇಳಿದ್ಲು.

"ಐತಿ ಅಂತ ಹೇಳು ಅಂದಾರೆ" ಅಂದ್ಲು ಅಕ್ಕ.

ಅಜ್ಜಿ ಕುಟ್ಟೋದು ನಿಲ್ಲಿಸಿದ್ಲು. ಆಗ ಹುಡುಗಿ ಮೊದಲನೇ ಸಲ ಬಾಯಿ ತೆಗೆದು, "ಅಷ್ಟು ದೊಡ್ಡ ಗಾಡಿ, ಹಿಂದೆ ಕೂಡೋಕೆ ಹೆದ್ರಿಕೆ ಆಗಲ್ವಾ ಅಕ್ಕಾ?" ಅಂತ ಕೇಳಿದ್ಲು. ಬ್ಯಾರೆ ಏನೂ ಮನಸಾಗಿಟ್ಕೊಂಡು ಕೇಳಿದ್ದಲ್ಲ.

ಅಕ್ಕ ಸೀರೆ ನಾಕು ಬೆರಳು ಮೇಲೆತ್ತಿ ಆ ಕಲೆ ತೋರಿಸಿದ್ಲು. "ಗಾಡಿಗೆ ಹೆದರಬ್ಯಾಡವ್ವ. ಇದು ಪೈಪು ಸುಟ್ಟಿದ್ದು. ಅವತ್ತು ಅವರು ಪೈಪು ಒರೆಸಿದ್ರು." ಇಷ್ಟೇ ಹೇಳಿದ್ದು. ಬೈಲಿಲ್ಲ, ಅಳಲಿಲ್ಲ. ಸೀರೆ ಬಿಟ್ಟು, ಉಡಿ ತುಂಬೋಕೆ ಕಾಯಿ ಕೈಗೆ ತಗೊಂಡ್ಲು.

ಅಜ್ಜಿ ಆ ಕಾಯಿ ಇಸ್ಕೊಂಡು ಅಕ್ಕನ ಉಡಿಗೇ ಹಾಕಿದ್ಲು. ಅಕ್ಕಿ, ಅರಿಷಿಣ ಕೊಂಬು, ಜಂಪರ್ ಪೀಸು ಎಲ್ಲಾ ಅಕ್ಕನ ಉಡಿಗೇ. "ಹೋಗ್ ಬಾ ನನ್ನವ್ವ" ಅಂದ್ಲು. ಎದ್ದು ಪಡಸಾಲೆ ಬಾಗಿಲಿಗೆ ಹೋಗಿ, "ನಮ್ಮ ಹುಡುಗಿ ಮೈಯಾಗ ಆರಾಮಿಲ್ರಿ. ಈ ಮಾತು ಇಲ್ಲಿಗೇ ಬಿಡ್ರಿ" ಅಂತ ಗಂಡಸರಿಗೆ ಹೇಳಿದ್ಲು.

ಭಾವನಿಗೆ ಕೊನೇ ತನಕ ಒಳಗೆ ಏನಾತು ಅಂತ ಗೊತ್ತಾಗಲಿಲ್ಲ. ತಾವೇ ಕೂತು ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬಂದ್ರು. ಸ್ಯಾರಿ ಗಾರ್ಡ್ ಹಾಕಿಸಿದ್ದಕ್ಕೇ ಗಾಡಿ ಲಕ್ಷಣ ಕೆಟ್ಟು ಹೋಯ್ತು, ಅದನ್ನ ನೋಡಿ ಆ ಹಳ್ಳಿಯೋರು ಇವರೇನು ದೊಡ್ಡ ಮಂದಿಯಲ್ಲ ಅಂದ್ಕೊಂಡ್ರು. ಹಂಗಂತ ಅಂಗಡಿಯಾಗೆ ಎಲ್ಲರಿಗೂ ಹೇಳಿದ್ರು. ಮರುದಿನನೇ ಜಾಲರಿ ಕೀಳಿಸಿ ಗುಜರಿಗೆ ಹಾಕಿದ್ರು. ಅಕ್ಕ ಮತ್ತೆ ಸೆರಗು ಹಲ್ಲಾಗೆ ಕಚ್ಚಿದ್ಲು.

ಇಲ್ಲಿಗೆ ಮುಗಿದಿದ್ರೆ ನಾನು ಇಷ್ಟು ಬರೀತಿರಲಿಲ್ಲ. ಭಾವನಿಗೆ ಒಂದು ಹೊಸಾ ರುಚಿ ಹತ್ತಿತ್ತು. ಆ ಮುಂದಿನ ಭಾನುವಾರ ಬೆಳಿಗ್ಗೆ ಅಕ್ಕನ ಕೈಗೆ ಬಿಳೀ ಅಂಗಿ ಕೊಟ್ಟು, "ಇಸ್ತ್ರಿ ಮಾಡು. ಹೆಣ್ಣು ನೋಡಾಕ ಹೋಗಬೇಕು" ಅಂದ್ರು. ಅಕ್ಕ ಇಸ್ತ್ರಿ ಮಾಡಿಕೊಟ್ಲು. ಅವರು ಹೋಗಿ ಬರೋ ತನಕ ಒಲೆ ಮುಂದೆ ಕೂತಿದ್ಲು. ಅದರ ಮುಂದಿನ ಭಾನುವಾರನೂ ಅದೇ ಅಂಗಿ, ಅದೇ ಮಾತು. ನನ್ನ ಗಂಡ ಒಂದು ಭಾನುವಾರ ಅವರ ಬೆನ್ನಹಿಂದೇ ಹೋಗಿ ನೋಡಿಬಂದ್ರು. ಭಾವ ಹರಿಹರದಾಗೆ ಹೊಳೆ ಹತ್ರ ಗೆಳೆಯರ ಜೊತೆ ಮಂಡಕ್ಕಿ ಮಿರ್ಚಿ ತಿಂತಾ ಕೂತಿದ್ರಂತೆ. ಹೆಣ್ಣೂ ಇಲ್ಲ, ಮಣ್ಣೂ ಇಲ್ಲ.

ಓಡಿಬಂದು ಅಕ್ಕನಿಗೆ ಹೇಳಿದೆ. "ನನಗೂ ಹಂಗೇ ಅನ್ಸೈತೆ ತಂಗಿ" ಅಂದ್ಲು. "ಆದ್ರೆ ಯಾವುದಾದ್ರೂ ಒಂದು ಭಾನುವಾರ ನಿಜ ಆಗಿಬಿಟ್ರೆ?"

ವರ್ಷಗಳು ಹೋದ್ವು. ಬೆಲ್ಟು ಹರಿದು, ಅಂಥದ್ದು ಎಲ್ಲೂ ಸಿಗದೆ ಗಾಡಿ ಮೂಲೆ ಸೇರ್ತು. ಭಾವ ಕಾರು ತಗೊಂಡ್ರು. ನಾವು ಬೇರೆ ಮನೆ ಮಾಡಿದ್ವಿ, ಅದೇ ಬೀದಿಯಾಗೆ. ಭಾವನ ತಲೆ ಬೆಳ್ಳಗಾತು, ಸಕ್ಕರೆ ಕಾಯಿಲೆ ಬಂತು, ಹಲ್ಲು ಕಟ್ಟಿಸ್ಕೊಂಡ್ರು. ಭಾನುವಾರದ ಅಂಗಿ ಮಾತ್ರ ತಪ್ಪಲಿಲ್ಲ. "ಹೆಣ್ಣು ನೋಡಾಕ" ಅಂತ ಎಪ್ಪತ್ತರ ಹತ್ರ ಬಂದ ಮನುಷ್ಯ ಹೇಳಿದ್ರೆ ಮನೆಗೆ ಬಂದೋರು ಹೊಟ್ಟೆ ಹಿಡ್ಕೊಂಡು ನಗೋರು. ಅಕ್ಕ ಒಂದಿನಾನೂ ನಗಲಿಲ್ಲ. ಅಂಗಿ ಕೊಟ್ಟ ಮೇಲೆ ಆಕಿ ಸೆರಗಿನ ತುದಿ ಬೆರಳಿಗೆ ಸುತ್ಕೊಳ್ಳೋದನ್ನ ನೋಡಿಯೇ ಅವರು ಅದನ್ನ ಬಿಡಲಿಲ್ಲ ಅಂತ ನನಗೆ ಖಾತ್ರಿ ಐತೆ.

ಭಾವ ಹೋದ್ರು, ಬೆಳಗಿನ ಹೊತ್ತು, ಎದೆನೋವು ಬಂದು. ನಮ್ಮ ಪದ್ಧತಿಯಂಗೆ ಹಣೆ ತುಂಬ ವಿಭೂತಿ ಹಚ್ಚಿ, ಹಾರ ಹಾಕಿ, ಪಡಸಾಲೆ ಗೋಡೆಗೆ ಒರಗಿಸಿ ಕೂಡ್ರಿಸಿದ್ರು. ಭಜನೆಯೋರು ಬಂದ್ರು. ಹೆಂಗಸರೆಲ್ಲ ಅಕ್ಕನ ಸುತ್ತ ಸೇರಿ ಆಕಿ ಅಳೋದನ್ನೇ ಕಾಯ್ತಿದ್ರು. ಅಕ್ಕ ಅಳಲಿಲ್ಲ. ಎತ್ತಲೋ ನೋಡ್ತಾ ಕೂತಿದ್ಲು. ಆಘಾತ ಆಗೈತೆ, ಅಳಿಸ್ರಿ ಅಂದ್ರು ಒಬ್ರು. ನಾನು ಆಕಿನ್ನ ಅಡಿಗೆ ಮನೆಗೆ ಕರಕೊಂಡು ಹೋಗಿ ಒಂದು ಲೋಟ ಚಾ ಕೊಟ್ಟೆ. ಪೂರ್ತಿ ಕುಡಿದ್ಲು. ಲೋಟ ಕೆಳಗಿಟ್ಟು ನನ್ನ ಮುಂಗೈ ಗಟ್ಟಿ ಹಿಡ್ಕೊಂಡ್ಲು.

"ತಂಗಿ, ಇನ್ನ ನನ್ನ ಜಾಗಕ್ಕೆ ಯಾರೂ ಬರಲ್ಲ ಅಲ್ವಾ?"

"ಇಲ್ಲಕ್ಕ."

"ಖರೇ ಹೇಳು."

"ಖರೇನಕ್ಕ. ಇನ್ನ ಯಾರೂ ಬರಲ್ಲ."

ಆಕಿ ತಲೆ ಆಡಿಸಿದ್ಲು. ಎದ್ದು ಪಡಸಾಲೆಗೆ ಹೋಗಿ, ಹೆಣದ ಮುಂದೆ ಕೂತು, ಬಾಯಿ ಬಿಟ್ಟು ಅತ್ಲು. ಎಂಥಾ ಪ್ರೀತಿ ನೋಡ್ರಿ ಅಂತ ಹೆಂಗಸರು ಕಣ್ಣು ಒರೆಸ್ಕೊಂಡ್ರು.